ಹದಿನಾಲ್ಕು ಪುಟದ ಟ್ಯುಟೋರಿಯಲ್ ಬರೆದೆ, ಹುಡುಗರು ಎರಡನೇ ಪುಟ ದಾಟಲಿಲ್ಲ. ಎಲ್ಲಿ ಎಡವಿದೆ?

ನಾಲೆಪಕ್ಕದವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಕೆಲಸ ಮೈಸೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಭಾನುವಾರ ಬೆಳಗ್ಗೆ ನಮ್ಮ ಬೀದಿಯ ಏಳೆಂಟು ಮಕ್ಕಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಕೆಲವರು ಪಿಯುಸಿ, ಕೆಲವರು ಡಿಪ್ಲೊಮಾ. ಎಲ್ಲರ ಹತ್ತಿರವೂ ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ಎರಡು ಅಣ್ಣನದ್ದೋ ಅಕ್ಕನದ್ದೋ ಹಳೇ ಲ್ಯಾಪ್‌ಟಾಪ್.

ವಾರದ ಮಧ್ಯೆ ಅವರೇ ನೋಡಿಕೊಂಡು ಮಾಡಲಿ ಅಂತ ಕನ್ನಡದಲ್ಲಿ ಟ್ಯುಟೋರಿಯಲ್ ಬರೆದೆ. ರೈಲಿನಲ್ಲಿ ಕೂತು ಮೂರು ವಾರ ಬರೆದದ್ದು. ಮೊದಲ ಪುಟದಲ್ಲಿ ಪೈಥಾನ್ 1991ರಲ್ಲಿ ಹೇಗೆ ಬಂತು, ಇಂಟರ್‌ಪ್ರಿಟರ್ ಅಂದರೇನು, ಕಂಪೈಲರ್ ಅಂದರೇನು. ಎರಡನೇ ಪುಟದಲ್ಲಿ 'ಪೈಥಾನ್ ಇನ್‌ಸ್ಟಾಲ್ ಮಾಡಿಕೊಂಡು ಟರ್ಮಿನಲ್ ತೆರೆಯಿರಿ' ಅಂತ ಒಂದು ಸಾಲು, ಆಮೇಲೆ ಡೇಟಾ ಟೈಪ್‌ಗಳು ಅಷ್ಟೂ ಒಂದೇ ಪಟ್ಟಿಯಲ್ಲಿ. ಹೀಗೇ ಹದಿನಾಲ್ಕು ಪುಟ.

ಮುಂದಿನ ಭಾನುವಾರ ಕೇಳಿದರೆ ಎಲ್ಲರೂ 'ಚೆನ್ನಾಗಿದೆ ಅಣ್ಣಾ' ಅಂದರು. ಲ್ಯಾಪ್‌ಟಾಪ್ ತೆಗೆಸಿ ನೋಡಿದರೆ ಒಬ್ಬರೂ ಎರಡನೇ ಪುಟ ದಾಟಿಲ್ಲ. ಒಬ್ಬನಿಗೆ ಪೈಥಾನ್ ಅಂತ ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡಿದೆ, ಅವನು ಅದಕ್ಕೆ ದುಡ್ಡು ಕಟ್ಟಬೇಕೇನೋ ಅಂತ ಹೆದರಿ ಮುಚ್ಚಿಟ್ಟಿದ್ದಾನೆ. ಒಬ್ಬಳು ಮಾತ್ರ ನೇರವಾಗಿ ಹೇಳಿದಳು: 'ನೀವು ಪಕ್ಕದಲ್ಲಿ ಕೂತರೆ ಬರುತ್ತೆ, ಇದನ್ನ ಓದಿಕೊಂಡರೆ ಬರಲ್ಲ.'

ಬಾಯಲ್ಲಿ ಹೇಳಿದರೆ ಅರ್ಥವಾಗುವ ವಿಷಯ ಬರೆದಾಗ ಯಾಕೆ ಆಗಲಿಲ್ಲ? ಇಂಥದ್ದು ಬರೆದು ಪೆಟ್ಟು ತಿಂದವರು ಇದ್ದರೆ ಹೇಳಿ.

ಒಂಟಿಕೊಪ್ಪಲ್ ಕಾಫಿ

ಮೊದಲನೇ ಪುಟ ಕಿತ್ತು ಪಕ್ಕಕ್ಕಿಡಿ. ಮುದ್ದೆ ತಿರುವೋದು ಕಲಿಸುವಾಗ ರಾಗಿ ಯಾವ ದೇಶದಿಂದ ಬಂತು ಅಂತ ಶುರು ಮಾಡ್ತೀರಾ?

ನಿಜವಾದ ಪೆಟ್ಟು ಬಿದ್ದಿರೋದು ಆ ಒಂದು ಸಾಲಿನಲ್ಲಿ. 'ಇನ್‌ಸ್ಟಾಲ್ ಮಾಡಿಕೊಂಡು ಟರ್ಮಿನಲ್ ತೆರೆಯಿರಿ' ಅನ್ನೋದು ನಿಮಗೆ ಒಂದು ಕೆಲಸ. ಅವರಿಗೆ ಯಾವ ಸೈಟು, ಯಾವ ಬಟನ್, ಯಾವ ವರ್ಷನ್, ಎಲ್ಲಿ ಸೇವ್ ಆಯ್ತು, ಆ ನೀಲಿ ಬಣ್ಣದ ಎಚ್ಚರಿಕೆಗೆ ಹೂಂ ಅನ್ನಬೇಕಾ ಊಹೂಂ ಅನ್ನಬೇಕಾ, ಟರ್ಮಿನಲ್ ಅಂದರೆ ಬಸ್‌ಸ್ಟ್ಯಾಂಡಾ, ಇಷ್ಟೂ ಪ್ರಶ್ನೆ. ವಿಂಡೋಸ್ ಇನ್‌ಸ್ಟಾಲರ್‌ನ ಮೊದಲ ಪರದೆಯಲ್ಲಿ ಕೆಳಗಡೆ 'ಆ್ಯಡ್ ಪೈಥಾನ್ ಟು ಪಾತ್' ಅನ್ನುವ ಪುಟ್ಟ ಚೌಕ ಇರುತ್ತಲ್ವಾ, ಅದಕ್ಕೆ ಟಿಕ್ ತಾನಾಗೇ ಬಿದ್ದಿರೋದಿಲ್ಲ. ಮೇಲಿನ ದೊಡ್ಡ ಬಟನ್ ಕಣ್ಣಿಗೆ ಬೀಳುತ್ತೆ, ಎಲ್ಲರೂ ಅದನ್ನೇ ಒತ್ತುತ್ತಾರೆ. ಆಮೇಲೆ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್‌ಗೆ ಪೈಥಾನ್ ಎಲ್ಲಿದೆ ಅಂತಲೇ ಗೊತ್ತಿರಲ್ಲ. ವಿಂಡೋಸ್ ಸ್ಟೋರ್ ಕಡೆ ಕೈ ತೋರಿಸುತ್ತೆ. ನಿಮ್ಮ ಹುಡುಗನಿಗೆ ಆಗಿರೋದು ಬಹುಶಃ ಇದೇ.

ನನ್ನ ಸಲಹೆ: ಮೊದಲ ತಿಂಗಳು ಟರ್ಮಿನಲ್ ಸುದ್ದಿಗೇ ಹೋಗಬೇಡಿ. ಕೋಡ್ ಬರೆದು ಓಡಿಸೋಕೆ ಪೈಥಾನ್ ಜೊತೆ ಬರುವ ಐಡಲ್ ಸಾಕು. ಸ್ಟಾರ್ಟ್ ಮೆನುವಿನಲ್ಲಿ ಸಿಗುತ್ತೆ, ಎಫ್5 ಒತ್ತಿದರೆ ಓಡುತ್ತೆ. ಪಾತ್ ರಗಳೆಯೇ ಇಲ್ಲ.

ಗಂಗೋತ್ರಿ ಗಿರಾಕಿ

ನಾನು ಹದಿನೈದು ವರ್ಷ ಟೆಕ್ನಿಕಲ್ ರೈಟರ್ ಆಗಿದ್ದೆ, ಈಗ ಕುವೆಂಪುನಗರದಲ್ಲಿ ಗಿಡಕ್ಕೆ ನೀರು ಹಾಕಿಕೊಂಡು ಇದ್ದೇನೆ. ನೀವು ಮಾಡಿದ ತಪ್ಪನ್ನೇ ಸಂಬಳ ತಗೊಂಡು ಮಾಡಿದ್ದೇನೆ. ನನ್ನ ಮೊದಲ ಟ್ಯುಟೋರಿಯಲ್ ಅರವತ್ತು ಪುಟ ಇತ್ತು. ಓದಿದವರು ನಾನು, ನನ್ನ ಮ್ಯಾನೇಜರ್ ಇಬ್ಬರೇ.

ನಿಮ್ಮ ಹದಿನಾಲ್ಕು ಪುಟದಲ್ಲಿ ಬೇರೆ ಬೇರೆ ಜಾತಿಯ ಬರಹಗಳು ಸೇರಿಕೊಂಡಿವೆ. ಕಂಪೈಲರ್ ವಿಷಯ ವಿವರಣೆ. ಡೇಟಾ ಟೈಪ್ ಪಟ್ಟಿ ರೆಫರೆನ್ಸ್, ಅದು ಬೇಕಾದಾಗ ತೆಗೆದು ನೋಡೋದಕ್ಕೆ. ಟ್ಯುಟೋರಿಯಲ್ ಅಂದರೆ ಕೈ ಹಿಡಿದು ಒಂದು ಕೆಲಸ ಮುಗಿಸಿಕೊಡೋದು, ಅಷ್ಟೇ. ಡ್ಜಾಂಗೋ ಅನ್ನುವ ಪೈಥಾನ್ ಫ್ರೇಮ್‌ವರ್ಕಿನ ಡಾಕ್ಯುಮೆಂಟೇಷನ್ ನೋಡಿ: ಟ್ಯುಟೋರಿಯಲ್ ಬೇರೆ, ವಿಷಯ ವಿವರಣೆ ಬೇರೆ, ರೆಫರೆನ್ಸ್ ಬೇರೆ, 'ಇಂಥದ್ದನ್ನ ಹೇಗೆ ಮಾಡೋದು' ಅನ್ನೋದು ಬೇರೆ. ನಾಲ್ಕನ್ನೂ ಒಂದೇ ತಟ್ಟೆಗೆ ಹಾಕಿ ಕಲಸಿದರೆ ಯಾವುದರ ರುಚಿಯೂ ಸಿಗಲ್ಲ.

ಇದೇನು ಹೊಸ ಕಾಯಿಲೆಯಲ್ಲ. 1980ರ ದಶಕದಲ್ಲಿ ಐಬಿಎಂನಲ್ಲಿ ಜಾನ್ ಕ್ಯಾರಲ್ ಮತ್ತು ಜೊತೆಯವರು ಹೊಸಬರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಸುಮ್ನೆ ನೋಡಿದರು. ಜನ ಓದೋದಕ್ಕೆ ಕೂರಲ್ಲ, ಏನಾದರೂ ಮಾಡೋಕೆ ಹೋಗುತ್ತಾರೆ, ಪುಟ ಹಾರಿಸುತ್ತಾರೆ, ತಪ್ಪಾದಾಗ ಮಾತ್ರ ಪುಸ್ತಕದ ಕಡೆ ತಿರುಗುತ್ತಾರೆ. ಅದಕ್ಕೇ ಅವರು ಮ್ಯಾನ್ಯುಯಲ್ ತೆಳ್ಳಗೆ ಮಾಡಿದರು, ತಪ್ಪಾದರೆ ಹೇಗೆ ವಾಪಸ್ ಬರೋದು ಅನ್ನೋದನ್ನ ಒಳಗೇ ಸೇರಿಸಿದರು.

ನೀವೂ ಹಾಗೇ ಮಾಡಿ. ಒಬ್ಬರನ್ನ ಕೂರಿಸಿ, ಕಾಗದ ಕೈಗೆ ಕೊಡಿ, ಹಿಂದೆ ಕುರ್ಚಿ ಹಾಕಿಕೊಂಡು ಬಾಯಿ ಮುಚ್ಚಿಕೊಂಡು ಕೂತಿರಿ. ಬಾಯಿ ಮುಚ್ಚೋದೇ ಕಷ್ಟ. ನಾನು ಒಂದು ಸಲ ಕೈಗಳನ್ನ ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದೆ, ಇಲ್ಲದಿದ್ದರೆ ಮೌಸ್ ಕಿತ್ತುಕೊಳ್ಳುತ್ತಿದ್ದೆ. ಅವರು ಎಲ್ಲೆಲ್ಲಿ ನಿಮ್ಮ ಮುಖ ನೋಡುತ್ತಾರೋ ಅಲ್ಲೆಲ್ಲ ಕಾಗದದಲ್ಲಿ ಒಂದು ಸಾಲು ಕಮ್ಮಿ ಇದೆ ಅಂತ ಅರ್ಥ. ಬಾಯಲ್ಲಿ ಹೇಳುವಾಗ ಆ ಸಾಲನ್ನ ನೀವು ಗೊತ್ತಿಲ್ಲದೇ ತುಂಬಿಬಿಡುತ್ತೀರಿ.

ಲ್ಯಾಬ್ ಮೇಷ್ಟ್ರು

ಮೇಲಿನವರ ಮಾತು ಸರಿ, ಆದರೆ ಸಾಲು ಸೇರಿಸುತ್ತಾ ಹೋದರೆ ಹದಿನಾಲ್ಕು ಪುಟ ನಲವತ್ತಾಗುತ್ತೆ. ನಾನು ಮಂಡ್ಯ ಕಡೆ ಡಿಪ್ಲೊಮಾ ಲ್ಯಾಬ್ ನೋಡಿಕೊಳ್ಳುತ್ತೇನೆ. ನನ್ನ ಅನುಭವದಲ್ಲಿ ತಪ್ಪುಗಳು ಹೊಸದಾಗಿ ಹುಟ್ಟಲ್ಲ, ಪ್ರತಿ ವರ್ಷ ಅವೇ ಬರುತ್ತವೆ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಂಡಿರುತ್ತೆ, ವಿಂಡೋಸ್ ಅದನ್ನ ಮುಚ್ಚಿಟ್ಟಿರೋದರಿಂದ ಕಣ್ಣಿಗೆ ಕಾಣಲ್ಲ. ಹೊಸ ಪ್ಯಾಕೇಜ್ ಹಾಕಿಕೊಳ್ಳುವ ಪಿಪ್ ಕಮಾಂಡನ್ನ ಮೂರು ಬಾಣ ಇರುವ ಪೈಥಾನ್ ಪ್ರಾಂಪ್ಟ್ ಒಳಗೇ ಟೈಪ್ ಮಾಡುತ್ತಾರೆ, ಅದು ಸಿಂಟ್ಯಾಕ್ಸ್ ಎರರ್ ಅನ್ನುತ್ತೆ. ಕೋಡನ್ನ ವರ್ಡ್ ಫೈಲಿನಲ್ಲಿ ಕೊಟ್ಟರೆ ನೇರ ಕೋಟ್ ಹೋಗಿ ಬಾಗಿದ ಕೋಟ್ ಬಂದಿರುತ್ತೆ, ನೋಡೋಕೆ ಒಂದೇ ಥರ, ಪೈಥಾನ್ ಮಾತ್ರ ಒಪ್ಪಲ್ಲ. ಇನ್ನು ಪೈಥಾನಿನಲ್ಲಿ ಚಿತ್ರ ಬರೆಸುವ ಟರ್ಟಲ್ ಪಾಠದ ದಿನ ಅರ್ಧ ಕ್ಲಾಸು ತಮ್ಮ ಫೈಲಿಗೆ 'ಟರ್ಟಲ್' ಅಂತಲೇ ಹೆಸರಿಡುತ್ತೆ. ಆಗ ಪೈಥಾನ್ ತನ್ನ ಟರ್ಟಲ್ ಬಿಟ್ಟು ಇವರ ಫೈಲನ್ನೇ ಇಂಪೋರ್ಟ್ ಮಾಡಿಕೊಂಡು ಇದರಲ್ಲಿ ಫಾರ್ವರ್ಡ್ ಅನ್ನೋದೇ ಇಲ್ಲ ಅನ್ನುತ್ತೆ. ತಪ್ಪು ನಮ್ಮದೇ. ಪಾಠಕ್ಕೆ 'ಟರ್ಟಲ್' ಅಂತ ಹೆಸರಿಟ್ಟು ಫೈಲಿಗೆ ಏನು ಹೆಸರಿಡಬೇಕು ಅಂತ ಹೇಳದೇ ಇದ್ದರೆ ಇನ್ನೇನಾಗುತ್ತೆ.

ಅದಕ್ಕೆ ನಾನು ಕೆಲವು ತಪ್ಪುಗಳನ್ನ ಬೇಕಂತಲೇ ಮಾಡಿಸುತ್ತೇನೆ. ಒಂದು ಉದಾಹರಣೆ ಕೊಡುತ್ತೇನೆ. ಕಬ್ಬಿನ ಲೆಕ್ಕ: ಎಷ್ಟು ಟನ್ ಅಂತ ಇನ್‌ಪುಟ್ ತಗೊಂಡು, ಸುಮ್ನೆ ಲೆಕ್ಕಕ್ಕೆ ಟನ್ನಿಗೆ 3000 ಅಂತ ಇಟ್ಟುಕೊಂಡು ಗುಣಿಸು ಅನ್ನುತ್ತೇನೆ. ಹುಡುಗ 12 ಅಂತ ಒತ್ತುತ್ತಾನೆ. 36000 ಬರುತ್ತೆ ಅಂದುಕೊಂಡಿರುತ್ತಾನೆ, ಪರದೆ ತುಂಬಾ 121212 ಅಂತ ಓಡುತ್ತೆ, ನಿಲ್ಲೋದೇ ಇಲ್ಲ ಅನ್ನೋ ಥರ. ಇನ್‌ಪುಟ್ ಕೊಡೋದು ಅಕ್ಷರ, ಸಂಖ್ಯೆ ಅಲ್ಲ. ಅಕ್ಷರವನ್ನ 3000ದಿಂದ ಗುಣಿಸಿದರೆ ಪೈಥಾನ್ ಅದನ್ನ 3000 ಸಲ ಬರೆಯುತ್ತೆ. ಒಂದು ಸಲ ಇದನ್ನ ನೋಡಿದವನು ಅಕ್ಷರವನ್ನ ಸಂಖ್ಯೆ ಮಾಡುವ ಇಂಟ್ ಹಾಕೋದನ್ನ ಮರೆಯಲ್ಲ. ನಾನು ಮೊದಲು ಇದನ್ನೇ 'ಇನ್‌ಪುಟ್ ಯಾವಾಗಲೂ ಸ್ಟ್ರಿಂಗ್ ಹಿಂದಿರುಗಿಸುತ್ತದೆ' ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಒಬ್ಬನಿಗೂ ನೆನಪಿರಲಿಲ್ಲ.

ಸೆಕೆಂಡ್ ಸೆಮ್

ನಾನು ಕಲಿಯುವ ಕಡೆಯವಳು, ನಮ್ಮ ಕಷ್ಟಾನೂ ಕೇಳಿ.

ಒಂದು, 'ಇದು ತುಂಬಾ ಸುಲಭ' ಅಂತ ಬರೆಯಬೇಡಿ. ಸುಲಭ ಅಂದದ್ದು ಬರದಿದ್ದರೆ ಆಮೇಲೆ ಯಾರನ್ನೂ ಕೇಳೋಕೆ ನಾಚಿಕೆ. ಅದಕ್ಕೇ ನಿಮ್ಮ ಹುಡುಗರೆಲ್ಲ 'ಚೆನ್ನಾಗಿದೆ ಅಣ್ಣಾ' ಅಂದಿರೋದು.

ಆಮೇಲೆ ಪದಗಳು. ಒಂದು ಕನ್ನಡ ಪಾಠದಲ್ಲಿ ಚರಾಂಶ, ಕ್ರಮವಿಧಿ, ಕಡತ ಅಂತೆಲ್ಲ ಇತ್ತು. ಪರದೆ ಮೇಲೆ ಫೈಲ್, ಸೇವ್ ಆ್ಯಸ್ ಅಂತಿದ್ದರೆ ಕಾಗದದಲ್ಲೂ ಅದೇ ಇರಲಿ. ಹುಡುಕೋದು ಅದನ್ನೇ ತಾನೇ. ವಿವರಣೆ ಮಾತ್ರ ನಾವು ಮಾತಾಡೋ ಥರ ಕನ್ನಡದಲ್ಲಿರಲಿ.

ಉದಾಹರಣೆ ನಮ್ಮದಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಎಲ್ಲ ಕಡೆ ಐರಿಸ್ ಹೂವಿನ ಡೇಟಾ ಕೊಡುತ್ತಾರೆ, ಮೂರು ಜಾತಿ, 150 ಹೂವು. ನಾನು ಆ ಹೂವು ನೋಡೇ ಇಲ್ಲ, ಉತ್ತರ ತಪ್ಪು ಬಂದರೂ ಗೊತ್ತಾಗಲ್ಲ. ಕೆಆರ್‌ಎಸ್ ನೀರಿನ ಮಟ್ಟ ಕೊಡಿ. 124.80 ಅಡಿ ದಾಟಿ 214 ಅಂತ ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ ನಮ್ಮಜ್ಜಿಗೂ ಗೊತ್ತಾಗುತ್ತೆ.

ಒಂಟಿಕೊಪ್ಪಲ್ ಕಾಫಿ

ಪದಗಳ ವಿಷಯ ಪೂರ್ತಿ ಒಪ್ಪಲ್ಲ. ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ಪೈಥಾನ್ 3 ಒಪ್ಪುತ್ತೆ. ಬೆಲೆ, ತೂಕ ಅಂತ ಇಟ್ಟರೆ ಯಾವುದು ಪೈಥಾನ್ ಪದ, ಯಾವುದು ನಾವಿಟ್ಟ ಹೆಸರು ಅಂತ ಹೊಸಬರಿಗೆ ತಕ್ಷಣ ಗೊತ್ತಾಗುತ್ತೆ. ಕನ್ನಡ ಅಂಕಿಯಲ್ಲಿ ೧೨ ಅಂತ ಕೊಟ್ಟರೂ ಇಂಟ್ ಅದನ್ನ ಹನ್ನೆರಡು ಅಂತಲೇ ಓದುತ್ತೆ, ಮಾಡಿ ನೋಡಿ.

ಲ್ಯಾಬ್ ಮೇಷ್ಟ್ರು

ಹಾಗೇ ಮಾಡಿ ನಾನು ಒಂದು ಮಧ್ಯಾಹ್ನ ಕಳೆದುಕೊಂಡೆ. 'ಬೆಲೆ' ಓಡುತ್ತೆ. ಒಬ್ಬ 'ವಾಟರ್‌ಲೆವೆಲ್' ಅಂತ ಹೆಸರಿಟ್ಟ, ಓಡಲಿಲ್ಲ. ರ್ ಆದಮೇಲೆ ಲೆ ಒತ್ತಾಗದ ಹಾಗೆ ಮಧ್ಯೆ ಒಂದು ಕಾಣದ ಅಕ್ಷರ ಇರುತ್ತೆ, ಪೈಥಾನ್ ಅದನ್ನ ಹೆಸರಿನೊಳಗೆ ಬಿಡಲ್ಲ. ಕಣ್ಣಿಗೆ ಕಾಣದ ತಪ್ಪನ್ನ ಮೊದಲ ವಾರವೇ ಹುಡುಗರಿಗೆ ಹೇಗೆ ತೋರಿಸೋದು? ಆದರೆ ಇದೇ ಮುಂದೆ ಒಳ್ಳೇ ಪಾಠ: 'ಮಂಡ್ಯ' ಅನ್ನೋ ಪದದ ಉದ್ದ ಲೆನ್ ಹಾಕಿ ಕೇಳಿ. ಹುಡುಗರು ಎರಡು ಅಂತಾರೆ, ಪೈಥಾನ್ ಐದು ಅನ್ನುತ್ತೆ. ಮ, ಸೊನ್ನೆ, ಡ, ಒತ್ತಿಗೆ ಮುಂಚಿನ ವಿರಾಮ, ಯ. ಅರ್ಧ ಗಂಟೆ ಜಗಳ ಗ್ಯಾರಂಟಿ.

ಸುಮ್ನೆ ಬಂದೆ

ಇಷ್ಟೆಲ್ಲ ಯಾಕೆ, ವಿಡಿಯೋ ಮಾಡಿ ಹಾಕಿ.

ಸೆಕೆಂಡ್ ಸೆಮ್

ವಿಡಿಯೋದಿಂದ ಕಾಪಿ ಮಾಡೋಕಾಗಲ್ಲ, ನಿಲ್ಲಿಸಿ ನಿಲ್ಲಿಸಿ ಕತ್ತು ನೋಯುತ್ತೆ. ಒಂದು ಅಂಡರ್‌ಸ್ಕೋರ್ ಮಸುಕಾಗಿದ್ದರೆ ಮುಗೀತು.

ನಾಲೆಪಕ್ಕದವನು

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಹದಿನಾಲ್ಕು ಪುಟ ಈಗ ಮೂರು. ಕಂಪೈಲರ್ ಹೋಯಿತು, 1991 ಹೋಯಿತು, ಡೇಟಾ ಟೈಪ್ ಪಟ್ಟಿಯನ್ನ ಬೇರೆ ಹಾಳೆ ಮಾಡಿ ಗೋಡೆಗೆ ಅಂಟಿಸಿದೆ. ಐಡಲ್ ತೆರೆಯೋದು, ಫೈಲಿಗೆ 'ಕಟ್ಟೆ' ಅಂತ ಹೆಸರಿಡೋದು, ಇವತ್ತಿನ ನೀರಿನ ಮಟ್ಟ ಕೇಳಿ ತುಂಬೋಕೆ ಇನ್ನೆಷ್ಟು ಅಡಿ ಬೇಕು ಅಂತ ಹೇಳೋದು. ಅಷ್ಟೇ ಪಾಠ. ಪ್ರತಿ ಹೆಜ್ಜೆ ಆದಮೇಲೆ ಪರದೆ ಮೇಲೆ ಏನು ಕಾಣಬೇಕು ಅಂತ ಬರೆದೆ, ಅದು ಕಾಣದಿದ್ದರೆ ಏನು ಮಾಡಬೇಕು ಅಂತಲೂ.

ಚಿಕ್ಕಪ್ಪನ ಮಗಳನ್ನ ಕೂರಿಸಿ ಹಿಂದೆ ಕೂತೆ, ಕೈ ತೊಡೆ ಕೆಳಗೆ ಇಟ್ಟುಕೊಂಡೇ. ಇಪ್ಪತ್ತು ನಿಮಿಷದಲ್ಲಿ ಎರಡೇ ಸಲ ತಿರುಗಿ ನೋಡಿದಳು. ಮೊದಲನೇದು, 'ಎಂಟರ್ ಒತ್ತಿ' ಅಂತ ನಾನು ಬರೆದೇ ಇರಲಿಲ್ಲ. ಟೈಪ್ ಮಾಡಿ ಸುಮ್ನೆ ಕಾಯುತ್ತಾ ಕೂತಿದ್ದಳು. ಎರಡನೇದು, ಪ್ರೋಗ್ರಾಮ್ ಸರಿಯಾಗಿ ಓಡಿದ ಮೇಲೆ. 'ತುಂಬಿದ ಮಟ್ಟ 124.8' ಅಂತ ಬಂತು. ಅದನ್ನೇ ನೋಡುತ್ತಾ ಕೂತಳು, ಆಮೇಲೆ ಕೇಳಿದಳು: 'ಅಣ್ಣಾ, ಸೊನ್ನೆ ಎಲ್ಲಿ ಹೋಯ್ತು? ಪೇಪರಿನಲ್ಲಿ 124.80 ಅಂತಾರಲ್ಲ, ನಾನೇನಾದರೂ ತಪ್ಪು ಮಾಡಿದ್ನಾ?'

ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಎರಡು ದಶಮಾಂಶ ತೋರಿಸೋದು ಹೇಗೆ ಅಂತ ಮೊದಲ ಪಾಠದಲ್ಲೇ ತರಲಾ, ಇಲ್ಲಾ 'ಸೊನ್ನೆ ಕಾಣದಿದ್ದರೆ ಗಾಬರಿ ಬೇಡ' ಅಂತ ಒಂದು ಸಾಲು ಹಾಕಿ ಮುಂದೆ ಹೋಗಲಾ?

ಗಂಗೋತ್ರಿ ಗಿರಾಕಿ

ಒಂದು ಸಾಲು ಹಾಕಿ ಹೋಗಿ. ಅವಳು ಕೇಳಿದ ಮಾತಿನಲ್ಲೇ ಬರೆಯಿರಿ, 'ಸೊನ್ನೆ ಎಲ್ಲಿ ಹೋಯ್ತು?' ಅಂತ. ದಶಮಾಂಶ ಎರಡನೇ ವಾರಕ್ಕಿರಲಿ. ಮತ್ತೆ ಆ 'ಎಂಟರ್ ಒತ್ತಿ' ನನ್ನ ಅರವತ್ತು ಪುಟದಲ್ಲೂ ಇರಲಿಲ್ಲ.