ಪದಚರ್ಚೆ: ‘ಕೋರ್’ ಅಂದರೆ ತಿರುಳೋ, ಸೊಳೆಯೋ?

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗನಿಗೆ ಒಂದು ಡೆಸ್ಕ್‌ಟಾಪ್ ಬೇಕಿತ್ತು. ಹಗಲು ತೋಟದ ಲೆಕ್ಕ, ಕನ್ನಡ ಟೈಪಿಂಗ್. ರಾತ್ರಿ ವ್ಯಾಲರಂಟ್ ಆಟ. ಇಷ್ಟಕ್ಕೆ ದುಬಾರಿ ಪ್ರೊಸೆಸರ್ (ಕಂಪ್ಯೂಟರಿನ ಕೆಲಸವೆಲ್ಲ ನಡೆಸುವ ಚಿಪ್) ಯಾಕೆ ಅಂತ ಕುಂಬಳೆಯಿಂದ ಕಾಸರಗೋಡು ಪೇಟೆಗೆ ಹೋಗಿ ವಿಚಾರಿಸಿದೆವು. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ‘ಇಂಟೆಲ್ ಕೋರ್ ಐ3-12100ಎಫ್, 8’ ಎಂದಿತ್ತು. “ಮಾವ, ಎಂಟು ಕೋರ್ ಅಲ್ವಾ?” ಎಂದ ಹುಡುಗ. ನಾನೂ ಹೌದು ಅಂದೆ. ಮನೆಗೆ ಬಂದು ನೋಡಿದರೆ ಕೋರ್ (ಚಿಪ್‌ನೊಳಗೆ ಕೆಲಸ ಮಾಡುವ ಘಟಕ) 4, ಥ್ರೆಡ್ (ಆ ಕೋರ್‌ಗಳು ಒಟ್ಟಿಗೆ ಕೈಗೆತ್ತಿಕೊಳ್ಳುವ ಕೆಲಸದ ಸಾಲು) 8. ಹೆಸರಿನ ‘ಐ3’ಯಲ್ಲಿರುವ 3ಕ್ಕೂ ಕೋರ್‌ಗಳ ಲೆಕ್ಕಕ್ಕೂ ಸಂಬಂಧವೇ ಇಲ್ಲ.

‘ಕೋರ್’, ‘ಥ್ರೆಡ್’ ಎರಡೂ ಕನ್ನಡ ಲಿಪಿಯಲ್ಲಿವೆ, ಎರಡೂ ನಮಗೆ ಏನೂ ಹೇಳುವುದಿಲ್ಲ. ಅದಕ್ಕೇ ಈ ಪ್ರಶ್ನೆ: ಇವಕ್ಕೆ ಕನ್ನಡದಲ್ಲಿ ಏನೆನ್ನೋಣ?

ಕೋರ್‌ಗೆ ‘ತಿರುಳು’ ಎನ್ನುವವರಿದ್ದಾರೆ. ನನ್ನ ಕಿವಿಗೆ ಅದು ಒಗ್ಗುತ್ತಿಲ್ಲ. ತಿರುಳನ್ನು ನಾವು ಎಣಿಸುವುದಿಲ್ಲ. ‘ಮಾತಿನ ತಿರುಳು’ ಸರಿ, ‘ಆರು ತಿರುಳು’ ಅಂದರೆ ಹೇಗೋ ಆಗುತ್ತದೆ. ಹಲಸಿನ ನಡುವಿನ ಗೂಂಜೂ ಆಗದು. ಅದು ಹಣ್ಣಿಗೆ ಒಂದೇ, ಮೇಲಾಗಿ ಬಿಸಾಡುವಂಥದ್ದು. ಪ್ರೊಸೆಸರ್‌ನಲ್ಲಿ ಒಂದೇ ಚಿಪ್‌ನೊಳಗೆ ಹಲವು ಕೋರ್ ಇರುತ್ತವೆ, ಪ್ರತಿಯೊಂದೂ ತಾನೇ ಪೂರ್ತಿ ಕೆಲಸ ಮಾಡಬಲ್ಲದು. ಹಾಗಾಗಿ ಹಲಸಿನ ‘ಸೊಳೆ’ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ಒಂದು ಹಣ್ಣು, ಎಣಿಸಬಹುದಾದ ಸೊಳೆಗಳು. ಬೇರೆ ಕಡೆ ಇದನ್ನೇ ‘ತೊಳೆ’ ಎನ್ನುತ್ತಾರೆ, ಆದರೆ ಪಾತ್ರೆ ತೊಳೆಯುವುದೂ ಅದೇ ಪದ ಆಗಿಬಿಡುತ್ತದೆ.

ಥ್ರೆಡ್‌ಗೆ ‘ಎಳೆ’ ಸಾಕು. ಹುಡುಗನಿಗೆ ಹೀಗೆ ವಿವರಿಸಿದೆ: ಅಡಿಕೆ ಸುಲಿಯುವವನು ಒಬ್ಬನೇ, ಅವನ ಮುಂದೆ ಎರಡು ಬುಟ್ಟಿ. ಒಂದಕ್ಕೆ ಅಡಿಕೆ ಬರುವುದು ತಡವಾದರೆ ಸುಮ್ನೆ ಕೂರದೆ ಇನ್ನೊಂದರಿಂದ ತೆಗೆದು ಸುಲಿಯುತ್ತಾನೆ. ಕೆಲಸ ಸ್ವಲ್ಪ ಜಾಸ್ತಿ ಸಾಗುತ್ತದೆ, ಆದರೆ ಆಳು ಇಬ್ಬರಾಗುವುದಿಲ್ಲ. ಕೋರ್ ಕೂಡ ಮೆಮೊರಿಯಿಂದ ಮಾಹಿತಿ ಬರುವುದನ್ನು ಕಾಯುವಾಗ ಇನ್ನೊಂದು ಎಳೆಯ ಕೆಲಸ ಮಾಡುತ್ತದೆ. 4 ಸೊಳೆ, 8 ಎಳೆ ಎಂದು ಬರೆದಿದ್ದರೆ ಅಂದು ನಾವು ಮೋಸಹೋಗುತ್ತಿರಲಿಲ್ಲ.

ಆ ಐ3-12100ಎಫ್ ಹೆಸರಿನ ಕೊನೆಯ ‘ಎಫ್’ ಇನ್ನೂ ಮುಖ್ಯ. ಹಾಗೆಂದರೆ ಪರದೆಗೆ ಚಿತ್ರ ಕೊಡುವ ಭಾಗ ಚಿಪ್‌ನೊಳಗೆ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಬೇರೆ ಕೊಳ್ಳಲೇಬೇಕು. ಅದನ್ನು ಯಾರೂ ಹೇಳಿರಲಿಲ್ಲ. ಕಡೆಗೆ ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ತಗೊಂಡೆವು. 6 ಕೋರ್, 12 ಥ್ರೆಡ್, ಗ್ರಾಫಿಕ್ಸ್ ಒಳಗೇ ಇದೆ. ಅವನ ಆಟಕ್ಕೆ ಅದು ಸಾಕು. ದೊಡ್ಡ ಆಟ ಆಡುವವರಿಗೆ ಮಾತ್ರ ಕಾರ್ಡ್ ಬೇಕು, ಅಂಥವರಿಗೆ ಆ ಐ3 ಕೂಡ ಒಳ್ಳೆಯದೇ.

ಈಗ ನೀವು ಹೇಳಿ. ಘಟ್ಟದ ಮೇಲಿನವರಿಗೆ ‘ಸೊಳೆ’ ಅಂದರೆ ಕೂಡಲೇ ತಿಳಿಯುತ್ತದಾ? ಒಳಗೇ ಇರುವ ಗ್ರಾಫಿಕ್ಸ್‌ಗೆ ‘ಒಳಚಿತ್ರಕ’ ಎನ್ನಬಹುದಾ, ಇದಕ್ಕಿಂತ ಹಗುರಾದ ಪದ ಯಾರ ಬಳಿಯಾದರೂ ಇದೆಯಾ?