ಸಹಾಯ ಬೇಕು: ಒಂದೇ ಹರಳು, ಇಬ್ಬರ ಲೆಕ್ಕ ಬೇರೆ ಬೇರೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಇಳಕಲ್ ಕಡೆಯ ಕ್ವಾರಿಯಿಂದ ತಂದ ಕೆಂಪು ಗ್ರಾನೈಟ್ ಪುಡಿ ಮಾಡಿ, ಅದರಲ್ಲಿನ ಅಪಟೈಟ್ (ಒಂದು ಫಾಸ್ಫೇಟ್ ಖನಿಜ) ಹರಳುಗಳ ಫಿಷನ್ ಟ್ರ್ಯಾಕ್ ಎಣಿಸುತ್ತಿದ್ದೇನೆ. ಎಣಿಕೆಯಿಂದ ವಯಸ್ಸು, ಟ್ರ್ಯಾಕ್ ಉದ್ದದಿಂದ ಕಲ್ಲು ಕಂಡ ಬಿಸಿಯ ಇತಿಹಾಸ ತಿಳಿಯುತ್ತದೆ. ಯುರೇನಿಯಂ-238 ತಾನಾಗಿ ಒಡೆದಾಗ ಬೀಳುವ ಗೀರುಗಳು ಇವು. ಕಲ್ಲಿನ ಬಿಸಿ ಬಹುಕಾಲ ಸುಮಾರು 60 ಡಿಗ್ರಿ ದಾಟಿದ್ದರೆ ಗಿಡ್ಡ ಆಗುತ್ತಾ ಹೋಗುತ್ತವೆ, 120ರ ಹತ್ತಿರ ಅಳಿಸಿಯೇ ಹೋಗುತ್ತವೆ.

ಅದೇ ಹರಳಿನಲ್ಲಿ ನನಗೆ 41 ಸಿಕ್ಕರೆ ಸೀನಿಯರ್ ಅಕ್ಕನಿಗೆ 33! ಮೂಲೆಯಲ್ಲಿ ಕೂದಲೆಳೆಯಂಥ ಗೆರೆಗಳಿವೆ. ನಾನು ಟ್ರ್ಯಾಕ್ ಅಂತೀನಿ, ಅಕ್ಕ ಹರಳಿನದೇ ದೋಷ ಅಂತಾರೆ. ಎಚಿಂಗ್ (ಗೀರು ಕಾಣುವಂತೆ ಆಸಿಡ್‌ನಿಂದ ಕೊರೆಯುವುದು) ಮಾಡಿದ್ದು 5.5 ಮೋಲಾರ್ ನೈಟ್ರಿಕ್ ಆಸಿಡ್‌ನಲ್ಲಿ, 20 ಸೆಕೆಂಡ್. ಆಸಿಡ್ 21 ಡಿಗ್ರಿ ಇರಬೇಕು. ನಮ್ಮೂರಿನ ಮೇ ತಿಂಗಳಲ್ಲಿ 21 ಎಲ್ಲಿಂದ ತರೋದು? ಐಸ್ ನೀರಿನ ಬೋಗುಣಿಯಲ್ಲಿ ಬೀಕರ್ ಇಟ್ಟು ಹೇಗೋ ಮುಗಿಸಿದೆ. ಎಚಿಂಗ್ ಜಾಸ್ತಿ ಆಯ್ತೇನೋ ಅಂತ ಅನುಮಾನ.

ಎಣಿಕೆಯ ವ್ಯತ್ಯಾಸದ ಚಿಂತೆ ಅಷ್ಟಿಲ್ಲ. ವಯಸ್ಸು ಮೊದಲೇ ಗೊತ್ತಿರುವ ಡುರಾಂಗೊ ಅಪಟೈಟ್ ಎಣಿಸಿ ಅವರವರ ಝೀಟಾ (ಎಣಿಸುವವರ ಸ್ವಂತ ತಿದ್ದುಪಡಿ ಅಂಕ) ತೆಗೆದರೆ ವಯಸ್ಸಿನಲ್ಲಿ ಬಹುಪಾಲು ಸರಿಹೋಗುತ್ತದೆ. ತಲೆನೋವು ಟ್ರ್ಯಾಕ್ ಉದ್ದದ್ದು. ಹೊಸ ಟ್ರ್ಯಾಕ್ ಸುಮಾರು 16 ಮೈಕ್ರಾನ್ ಇರುತ್ತದೆ, ನನ್ನ ಸರಾಸರಿ 12. ಅದೂ ಅಳೆದದ್ದು ಬರೀ 38. ಸಾಮಾನ್ಯವಾಗಿ 100 ಕೇಳ್ತಾರಲ್ವಾ? ಕ್ಲೋರಿನ್ ಜಾಸ್ತಿ ಇರುವ ಹರಳು ಬಿಸಿ ಹೆಚ್ಚು ತಾಳುತ್ತದೆ. ಕ್ಲೋರಿನ್ ಅಳೆಯದೆ ಈ 38ನ್ನು ಬಿಸಿಯ ಇತಿಹಾಸ ಲೆಕ್ಕ ಹಾಕುವ ಮಾಡೆಲ್‌ಗೆ ಹಾಕಿದರೆ ಸುಮ್ನೆ ಅಂದವಾದ ಗ್ರಾಫ್ ಬರುತ್ತದೆ, ನಂಬೋದು ಹೇಗೆ?

ಅನುಭವ ಇದ್ದವರು ಹೇಳಿ. ಬೆಳಗಾವಿ, ವಿಜಯಪುರ ಕಡೆ ಒಳ್ಳೆ ಮೈಕ್ರೋಸ್ಕೋಪ್ ಇರುವವರು ಯಾರಾದರೂ ನಮ್ಮ ಲೆಕ್ಕ ನೋಡದೆ ಒಮ್ಮೆ ಎಣಿಸಿಕೊಡ್ತೀರಾ? ಸ್ಲೈಡ್ ನಾನೇ ತರ್ತೀನಿ.