ಅಪ್‌ಡೇಟ್: ಅಪ್ಪನಿಗೆ ಪೂರ್ತಿ ಬಾಯಿ ಇಂಪ್ಲಾಂಟ್ ಬೇಡ, ಕೆಳಗೆ ಎರಡು ಸಾಕು

ಮಂಗಳೂರಿನಲ್ಲಿರುವ ಅಪ್ಪನಿಗೆ (68 ವರ್ಷ, ಶುಗರ್ ಇದೆ, ಹಲ್ಲೊಂದೂ ಉಳಿದಿಲ್ಲ) ಮೇಲೆ ಕೆಳಗೆ ಪೂರ್ತಿ ಇಂಪ್ಲಾಂಟ್ (ಕೃತಕ ಹಲ್ಲು ಹಿಡಿದಿಡಲು ದವಡೆ ಎಲುಬಿನಲ್ಲಿ ಕೂರಿಸುವ ಸ್ಕ್ರೂ) ಹಾಕಿಸಬಹುದೇ ಎಂದು ಕೇಳಿದ್ದೆ. ಮೊದಲು ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಮಾಡಿಸಿ ಎಂದವರಿಗೆ ದೊಡ್ಡ ಧನ್ಯವಾದ, ತೀರ್ಮಾನ ಆದದ್ದೇ ಅದರಿಂದ.

ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್‌ನ (ಮೂಗಿನ ಪಕ್ಕದ ಗಾಳಿಗೂಡು) ಕೆಳಗೆ ಉಳಿದ ಎಲುಬು 3–4 ಮಿ.ಮೀ. ಮಾತ್ರ. ಮಾಮೂಲಿ ಇಂಪ್ಲಾಂಟ್‌ಗೆ 8–10 ಮಿ.ಮೀ. ಎತ್ತರ ಬೇಕು. ಇಲ್ಲವಾದರೆ ಸೈನಸ್ ಲಿಫ್ಟ್ ಮಾಡಿ, ಅಂದರೆ ಅದರ ತಳದ ಪದರ ಮೇಲೆತ್ತಿ, ಎಲುಬು ತುಂಬಿಸಿ ತಿಂಗಳುಗಟ್ಟಲೆ ಕಾಯಬೇಕು. ಕೆಳದವಡೆಯ ಮುಂಭಾಗದಲ್ಲಿ ಎಲುಬು ಗಟ್ಟಿಯಾಗಿದೆ. ಅಲ್ಲೂ ದವಡೆಯೊಳಗೆ ಹಾಯುವ ನರದಿಂದ ಕನಿಷ್ಠ 2 ಮಿ.ಮೀ. ಅಂತರ ಬಿಡಲೇಬೇಕು, ನರಕ್ಕೆ ಪೆಟ್ಟಾದರೆ ಕೆಳತುಟಿ ಮರಗಟ್ಟಿ ಹಾಗೇ ಉಳಿಯಬಹುದು.

ನಮ್ಮೂರಿನವರು ಮುಖ್ಯವಾಗಿ ನೋಡಬೇಕಾದ್ದು ಎಲೆಯಡಿಕೆ. ವರ್ಷಗಟ್ಟಲೆ ಜಗಿದವರಿಗೆ ಕೆನ್ನೆಯ ಒಳಪದರ ಬಿಗಿದು ಬಾಯಿ ಪೂರ್ತಿ ತೆರೆಯುವುದಿಲ್ಲ, ಡ್ರಿಲ್ ಹಿಂದಿನವರೆಗೆ ಹೋಗುವುದಿಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸುತ್ತದೆಯೇ ನೋಡಿ. ಅಪ್ಪನಿಗೆ ಎರಡೇ ಹಿಡಿಸಿತು. ಎಲುಬು ಸವೆತಕ್ಕೆ ಜೊಲೆಡ್ರೊನಿಕ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮರೆಯದೆ ಡಾಕ್ಟರಿಗೆ ಹೇಳಿ, ದವಡೆ ಎಲುಬು ಕೊಳೆಯುವ ಅಪಾಯವಿದೆ.

ಅಪ್ಪನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.6 ಇತ್ತು. 7ರ ಆಸುಪಾಸಿಗೆ ಇಳಿದ ಮೇಲೆ ಕೆಳಗೆ ಎರಡು ಇಂಪ್ಲಾಂಟ್, ಎಲುಬು ಹಿಡಿಯಲು ಸುಮಾರು ಮೂರು ತಿಂಗಳು, ಆಮೇಲೆ ಅವುಗಳ ಮೇಲೆ ಬಟನ್‌ನಂತೆ ಕೂರುವ ಹಲ್ಲುಸೆಟ್. ಮೇಲೆ ಮಾಮೂಲಿ ಸೆಟ್ಟೇ ಸಾಕು, ಅಂಗುಳಿಗೆ ಅಂಟಿ ನಿಲ್ಲುತ್ತದೆ. ಬಟನ್ ಒಳಗಿನ ನೈಲಾನ್ ರಿಂಗ್ ಸವೆಯುತ್ತದೆ; ಅದನ್ನು ಆಗಾಗ ಬದಲಿಸುವ ಖರ್ಚನ್ನೂ ಮೊದಲೇ ಕೇಳಿಟ್ಟುಕೊಳ್ಳಿ.